ಮೊಣಕೈ ಕಾಯ್ದ ಟವೆಲ್ ಮೇಷ್ಟ್ರು

ಬೇಸ್‌ಬಾಲ್ ಆಟದ ಭಾರವೆಲ್ಲ ದಿಬ್ಬದ ಮೇಲೆ ನಿಂತು ಚೆಂಡೆಸೆಯುವ ಪಿಚರ್‌ನ ಹೆಗಲ ಮೇಲಿರುತ್ತದೆ. ಎಳೆಯರ ಆ ಹೆಗಲಿಗೆ ಬಲ ತುಂಬಿದವರು ಹಲವರಿರಬಹುದು. ಅದನ್ನು ಜೋಪಾನ ಮಾಡಿದವರಲ್ಲಿ, ನಾನು ಅಲೆದ ಊರುಗಳಲ್ಲೆಲ್ಲ, ನಮ್ಮ ಕ್ಲಬ್ಬಿನ ಹಿರಿಯ ತರಬೇತುದಾರರಿಗೆ ಸಮನಾದವರನ್ನು ಕಾಣಲಿಲ್ಲ. ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಮಕ್ಕಳು ಅಕ್ಕರೆಯಿಂದ ಕರೆಯುವುದು ಟವೆಲ್ ಮೇಷ್ಟ್ರೆಂದು.

ಹೊಸದಾಗಿ ಸೇರಿದವರಿಗೆ ಅವರು ವಾರಗಟ್ಟಲೆ ಚೆಂಡನ್ನೇ ಮುಟ್ಟಗೊಡುತ್ತಿರಲಿಲ್ಲ. ಕೈಗೊಂದು ಟವೆಲ್ ಕೊಟ್ಟು, ಕಾಲೆತ್ತಿ, ಹೆಜ್ಜೆ ಮುಂದಿಟ್ಟು, ಸೊಂಟ ತಿರುಗಿಸಿ, ಕೊನೆಗಷ್ಟೇ ತೋಳು ಬೀಸುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಮಕ್ಕಳನ್ನು ಬಟ್ಟೆ ಒಗೆಯಲು ಕಳಿಸಿದ್ದೇವೆಯೇ ಎಂದು ಗೊಣಗಿದ ತಾಯಂದಿರಿಗೆ, ಮನೆಯಲ್ಲಿ ಅದನ್ನೂ ಮಾಡಿಸಿ, ಹೆಗಲಿಗೆ ಒಳ್ಳೆಯದೆಂದು ನಗುತ್ತಲೇ ಉತ್ತರಿಸುತ್ತಿದ್ದರು.

ಮೈದಾನದ ಗೆರೆ ಎಳೆಯಲು ಬಂದು, ಒಂದು ಹಂಗಾಮು ಕಳೆದೊಡನೆ ಗಂಟುಮೂಟೆ ಕಟ್ಟಲಿದ್ದ ನನ್ನನ್ನು ಸಹಾಯಕನನ್ನಾಗಿ ಉಳಿಸಿಕೊಂಡವರೂ ಅವರೇ. ಬಾಡಿಗೆ ಕೋಣೆ ಸಿಗದಿದ್ದಾಗ ಸಾಮಾನು ಕೋಣೆಯಲ್ಲಿ ಹಾಸಿಗೆ ಹಾಕಿಸಿ, ನನ್ನ ಹರಕು ಪತ್ತೇದಾರಿ ಕಾದಂಬರಿಗಳಿಗೆ ಕೈಗವಸುಗಳ ಕಪಾಟಿನಲ್ಲಿ ಜಾಗ ಮಾಡಿಕೊಟ್ಟರು. ಅವರದೊಂದು ವಿಚಿತ್ರ ರೂಢಿಯಿತ್ತು. ಎಸೆಯುವವರ ಮೊಣಕೈಯನ್ನಲ್ಲದೆ ಚೆಂಡು ಹೋದ ದಿಕ್ಕನ್ನು ಅವರು ನೋಡುತ್ತಲೇ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದಾಗ, "ಏನಾಯ್ತಯ್ಯಾ?" ಎಂದು ನನ್ನನ್ನು ಕೇಳುವರು.

ಕೆಲವು ವರ್ಷಗಳ ಹಿಂದೆ ಕಿರಿಯರ ಲೀಗಿನ ಅಂತಿಮ ಪಂದ್ಯದಲ್ಲಿ ಈ ರೂಢಿಯೇ ಅವರ ನೌಕರಿಗೆ ಸಂಚಕಾರ ತಂದಿತು. ವೆಲ್ಡರ್ ಒಬ್ಬರ ಮಗಳು ಅಂದು ಎದುರಾಳಿಗಳನ್ನು ಕಂಗೆಡಿಸುತ್ತಿದ್ದಳು. ಇನ್ನೊಬ್ಬ ಬ್ಯಾಟರ್ ಔಟಾದರೆ ಕಪ್ ನಮ್ಮದು. ಆಗಲೇ ಮೇಷ್ಟ್ರು ದಿಬ್ಬ ಹತ್ತಿ ಅವಳ ಕೈಯಿಂದ ಚೆಂಡು ತೆಗೆದುಕೊಂಡರು. ಬದಲಿಗೆ ಬಂದವನ ಎಸೆತವನ್ನು ಎದುರಾಳಿ ಬೇಲಿಯಾಚೆ ಅಟ್ಟಿದ, ನಾವು ಸೋತೆವು.

"ಕಪ್ ಕೈಯಲ್ಲಿತ್ತು ಮೇಷ್ಟ್ರೇ. ನಿಮ್ಗೇನು ಕಣ್ಣು ಕಾಣ್ಸಲ್ವಾ?" ಎಂದು ವೆಲ್ಡರ್ ಎಲ್ಲರೆದುರು ಹರಿಹಾಯ್ದರು.

"ಮೊಣಕೈ ಹೆಗಲಿಗಿಂತ ಕೆಳಗಿಳೀತಿತ್ತು. ಅದನ್ನೇ ನೋಡ್ತಿದ್ದೆ," ಎಂದರು ಮೇಷ್ಟ್ರು.

ಅವರನ್ನು ತೆಗೆದುಹಾಕುವ ವಿಚಾರಕ್ಕಾಗಿಯೇ ಮರುದಿನ ಕ್ಲಬ್ಬಿನ ಸಮಿತಿ ಸೇರಿತು. ಅವರ ಪರವಾಗಿ ನಾನು ಆಡಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ತಂದೆಯ ಪಕ್ಕ ಕುಳಿತಿದ್ದ ಹುಡುಗಿಯೇ ಎದ್ದಳು.

"ಮೊಣಕೈ ನೋವು ಮ್ಯಾಚ್‌ಗೂ ಮೊದ್ಲಿಂದ್ಲೇ ಇತ್ತು. ಹೇಳಿದ್ರೆ ಅಪ್ಪ ಬೇಜಾರು ಮಾಡ್ಕೋತಾರೆ ಅಂತ ಸುಮ್ನಿದ್ದೆ. ಇವತ್ತು ತಲೆ ಬಾಚ್ಕೊಳ್ಳೋಕೂ ಕೈ ಎತ್ತಕ್ಕಾಗ್ಲಿಲ್ಲ."

ವೆಲ್ಡರ್ ಮಗಳ ಕೈಯನ್ನು ಮೆಲ್ಲಗೆ ಹಿಡಿದು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇವ್ಳು ಮತ್ತೆ ಎಸೀಬಹುದಾ ಮೇಷ್ಟ್ರೇ?" ಎಂದರು.

"ಮೊದ್ಲು ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ. ನನ್ ಹತ್ರ ಮುಚ್ಚಿಟ್ಟಿದ್ದಕ್ಕೆ ಆಮೇಲೆ ಬೈತೀನಿ."

ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು. ತೆಗೆದುಹಾಕುವ ಮಾತು ಮತ್ತೆ ಏಳಲಿಲ್ಲ.

ಮುಂದಿನ ಹಂಗಾಮನ್ನೆಲ್ಲ ವಿಶ್ರಾಂತಿಯಲ್ಲಿ ಕಳೆದ ಆಕೆ ಇಂದು ಹಿರಿಯರ ತಂಡದಲ್ಲಿ ನೋವಿಲ್ಲದೆ ಎಸೆಯುತ್ತಿದ್ದಾಳೆ. ಈ ವರ್ಷ ಅವಳ ತಂಗಿಯೂ ಸೇರಿದ್ದಾಳೆ. ಮೇಷ್ಟ್ರು ಕಣ್ಣಾರೆ ನೋಡಿ ಒಪ್ಪುವವರೆಗೆ ಚಿಕ್ಕವಳು ಒಂದು ಎಸೆತವನ್ನೂ ಎಸೆಯಕೂಡದೆಂದು ವೆಲ್ಡರರೇ ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದಾರೆ. ಹೀಗಿರುವಾಗ ನಿವೃತ್ತಿಯೆಂಬುದು ಸಂಬಳದ ಮಟ್ಟಿಗೆ ಮಾತ್ರ ನಿಜ. ನಮ್ಮ ಮೇಷ್ಟ್ರು ಆಯುರಾರೋಗ್ಯಗಳಿಂದ ಬಹುಕಾಲ ಬಾಳಲಿ, ಸಂಜೆಗಳಲ್ಲಿ ಎಂದಿನಂತೆ ಮೈದಾನಕ್ಕೆ ಬರುತ್ತಿರಲಿ. ಸೋಮವಾರ ತಡಮಾಡದಿರಲಿ, ಚಿಕ್ಕವಳು ಶಾಲೆ ಬಿಟ್ಟವಳೇ ನೇರ ಬರುತ್ತಾಳಂತೆ.