ಯಂತ್ರ ಕಟ್ಟಿದ ಒಂದು ಸಾಲು

ಎಂ.ಫಿಲ್. ಪ್ರಬಂಧಕ್ಕಾಗಿ ನಾನು ತಾನಾಗಿಯೇ ವಾಕ್ಯ ಕಟ್ಟುವ ಒಂದು ಪ್ರೋಗ್ರಾಂ ಬರೆದಿದ್ದೆ. ಯಾವ ಪದದ ನಂತರ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿಟ್ಟುಕೊಂಡು ಅದು ಹೊಸ ಸಾಲುಗಳನ್ನು ಹೊಸೆಯುತ್ತಿತ್ತು. ಆಗ ಕಂಪ್ಯೂಟರಿನಲ್ಲಿ ಅದಕ್ಕೆ ಸಾಲುವಷ್ಟು ಕನ್ನಡ ಸಿಗುತ್ತಿರಲಿಲ್ಲ. ಕೊನೆಗೆ ನನ್ನ ಎಂಟು ವರ್ಷದ ಡೈರಿಗಳನ್ನೇ ಟೈಪ್ ಮಾಡಿ ಉಣಿಸಿದೆ.

ನನ್ನ ಸಾಲುಗಳನ್ನೂ ಯಂತ್ರದ ಸಾಲುಗಳನ್ನೂ ಬೆರೆಸಿ, ಯಾವುದು ಯಾರದೆಂದು ಓದುಗರಿಂದ ಗುರುತು ಹಾಕಿಸಬೇಕಿತ್ತು. ತಳಿ ಎಂಬ ಊರಿನಲ್ಲಿದ್ದ ತಂಗಿ, ಆಲಸನತ್ತಂನಲ್ಲಿದ್ದ ನನ್ನ ಬಾಡಿಗೆ ಮನೆಗೆ ಬಂದಿದ್ದಳು. ಹಾಳೆಯನ್ನು ಅವಳ ಕೈಗಿಟ್ಟೆ.

"ಎಲ್ಲಾ ನಿಂದೇ ಇದ್ದಂಗೈತೆ ಕಣಕ್ಕ. ಓದ್ತಾ ಓದ್ತಾ ನಿದ್ದೆ ಬತ್ತದೆ," ಎಂದಳು. ನಕ್ಕಳೆಂದೂ ನೆನಪು.

ಆಮೇಲೆ ಒಂದು ಸಾಲಿನ ಪಕ್ಕ 'ಮಿಸೀನು' ಎಂದು ಬರೆದಳು. 'ಅಪ್ಪ ನಗುತ್ತ ಕೈ ಬೀಸಿದರು, ನಾನು ಬಸ್ಸು ಹತ್ತಿದೆ.' ಅದು ನಾನೇ ಬರೆದದ್ದು. ಅಪ್ಪ ಬಸ್ಸು ಸಿಗುವ ಅಂಚೆಟ್ಟಿಯವರೆಗೆ ಜೊತೆಗೆ ಬಂದು ನನ್ನನ್ನು ಕಾಲೇಜಿಗೆ ಕಳಿಸಿದ ದಿನದ್ದು. ಅಂದು ಒಬ್ಬರೇ ಊರಿಗೆ ನಡೆದು ಹೋಗುವಾಗ ಕಾಡುದಾರಿಯಲ್ಲಿ ಬಿದ್ದರು. ಹದಿನೈದು ದಿನ ಮಲಗಿದ್ದು ತೀರಿಕೊಂಡರು.

ಇನ್ನೊಂದರ ಪಕ್ಕ 'ಅಕ್ಕ' ಎಂದು ಬರೆದಳು. 'ಅಪ್ಪ ನಿಲ್ಲು ಎಂದರೂ ನಿಲ್ಲದೆ ಬಸ್ಸು ಹತ್ತಿದೆ.'

"ಅದು ನಂದಲ್ಲ ಕಣೆ. ಅಲ್ಲಿಂದರ್ಧ ಇಲ್ಲಿಂದರ್ಧ ತಗೊಂಡು ಕಂಪ್ಯೂಟರ್ ಕಟ್ಟಿರೋದು."

"ಯಾರಾನ ಕಟ್ಲಿ, ನಡೆದಿದ್ದು ಅದೇ ತಾನೆ? 'ತಲೆ ಸುತ್ತುತ್ತೆ, ಒಸಿ ನಿಂತ್ಕಳವ್ವಾ ಅಂದೆ, ಬಸ್ ಹೋಗ್ಬುಡ್ತದೆ ಅಂತ ಹತ್ಬುಟ್ಳು' ಅಂತ ಅಪ್ಪ ಮಲಗಿದ್ದಾಗ ನನ್ ತಾವ ಅಂದಿದ್ರು. ಎತ್ತಿ ಆಡ್ಬಾರ್ದು ಅಂತ ಸುಮ್ಕಿದ್ದೆ."

ಬೀಸುತ್ತಿರುವ ಕೈ ನನಗೆ ಈಗಲೂ ಕಾಣುತ್ತದೆ. ಕಂಡದ್ದೋ, ಬರೆದುದನ್ನು ಮತ್ತೆ ಮತ್ತೆ ಓದಿ ಕಂಡಂತಾದದ್ದೋ ಹೇಳಲಾರೆ. ಆ ಪುಟಕ್ಕೆ ಅಂದಿನ ತಾರೀಖೇ ಇದೆ. ಆದರೆ ಬರೆಯದೆ ಬಿಟ್ಟ ದಿನಗಳನ್ನು ಆಮೇಲೆ ಕೂತು, ಹಿಂದಿನ ತಾರೀಖು ಹಾಕಿ ತುಂಬಿಸುವ ಅಭ್ಯಾಸ ನನಗಿತ್ತು. ಅಪ್ಪ ಬಿದ್ದ ಸುದ್ದಿ ಬಂದ ಮೇಲೆ ಬರೆದೆನೆ? ಯಂತ್ರಕ್ಕೆ ಅಪ್ಪನೂ ಗೊತ್ತಿಲ್ಲ, ಅಂಚೆಟ್ಟಿಯೂ ಗೊತ್ತಿಲ್ಲ. ಅದರ ಸಾಲು ಬರೀ ಆಕಸ್ಮಿಕ. ಹಾಗೆಂದುಕೊಂಡರೂ ಸಮಾಧಾನವಾಗಲಿಲ್ಲ.

ಲೆಕ್ಕದ ಪ್ರಕಾರ ತಂಗಿಯ ಆ ಎರಡು ಗುರುತುಗಳೂ ತಪ್ಪು. ತಪ್ಪೆಂದೇ ಎಣಿಸಿದೆ. ಓದುವವರು ಹೀಗೆ ಮೋಸ ಹೋದಷ್ಟೂ ಪ್ರೋಗ್ರಾಂ ಚೆನ್ನಾಗಿದೆ ಎಂದರ್ಥ ಎಂದು ಮಾರ್ಗದರ್ಶಕರು ಮೆಚ್ಚಿಕೊಂಡರು. ತಂಗಿ ಮೋಸ ಹೋಗಿರಲಿಲ್ಲವೆಂದು ನಾನು ಅವರಿಗೆ ಹೇಳಲಿಲ್ಲ.