ಸೀಡಿಯ ಮೇಲೆ ಯಜಮಾನರ ಹೆಸರು

ಆಗ ನನಗೆ ಐವತ್ತೈದು. ಇಪ್ಪತ್ತು ವರ್ಷದ ಹಿಂದಿನ ಮಾತು. ಯಜಮಾನರನ್ನು ಬಸವಕಲ್ಯಾಣದಲ್ಲಿ ಬಿಟ್ಟು, ಮದುವೆ ಹಂಗಾಮಿಗೆ ಹುಮನಾಬಾದಿನ ಮಗಳ ಮನೆಗೆ ಬಂದಿದ್ದೆ. ಅಳಿಯ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಮಗಳು ಅಂಗಡಿಯಲ್ಲಿ ಕೂತು ಅದನ್ನು ಕಂಪ್ಯೂಟರಿನಿಂದ ಸೀಡಿಗೆ ಇಳಿಸುತ್ತಿದ್ದಳು. ಸೀಡಿಯ ಬೆನ್ನಿನ ಮೇಲೆ ಕಪ್ಪು ಮಾರ್ಕರಿನಿಂದ ಮದುಮಗಳ ಹೆಸರು, ಮದುಮಗನ ಹೆಸರು ಬರೆಯುವುದು ನನ್ನ ಕೆಲಸ.

ನಾನು ಅಕ್ಷರ ಕಲಿತದ್ದು ಮುದುಕಿಯಾಗುವ ಹೊತ್ತಿಗೆ, ಓಣಿಯ ದೊಡ್ಡವರ ಶಾಲೆಯಲ್ಲಿ. ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಅಂದರೇ ಕೈ ಓಡುತ್ತದೆ, ಇವತ್ತಿಗೂ. ರೊಟ್ಟಿ ಬಡಿಯುವುದಕ್ಕಿಂತ ಆ ಕೆಲಸ ನನಗೆ ಹಿಡಿಸಿತ್ತು. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ಹೊತ್ತಿಗೆ ಚಹಾ.

ಒಂದು ದಿನ ಹತ್ತಿರದ ಹುಡಗಿ ಎಂಬ ಊರಿನವರ ಮದುವೆಯ ಸೀಡಿಗಳು ತಯಾರಾದವು. ಒಯ್ಯಲು ಮದುಮಗನ ಅಜ್ಜಿಯೇ ಬಂದು ಬಾಗಿಲಲ್ಲಿ ಕೂತಿದ್ದಳು. ಮದುಮಗಳ ಹೆಸರನ್ನು ಎಲ್ಲದರ ಮೇಲೂ ಬರೆದೆ. ಮದುಮಗನ ಹೆಸರಿಗೆ ಬಂದು ಮಾರ್ಕರ್ ನಿಲ್ಲಿಸಿದೆ. ಅದು ನಮ್ಮ ಯಜಮಾನರದೇ ಹೆಸರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳಲೇಬೇಕಾದರೆ ಎರಡು ಸಾಲು ಪ್ರಾಸ ಕಟ್ಟಿ, ಒಡಪು ಹಾಕಿ ಹೇಳಬೇಕು. ನಾನು ಮದುವೆಯ ದಿನ ಹೇಳಿದ್ದೇ ಕೊನೆ.

“ಯಾಕ ಸುಮ್ನ ಕುಂತಿ ಯವ್ವ? ಮರ್ತಿಯೇನು?” ಎಂದಳು ಮಗಳು.

“ಮರ್ತಿಲ್ಲ. ನಿಮ್ಮಪ್ಪನ ಹೆಸರದು.”

“ಬಾಯಿಲೆ ಯಾರು ಹೇಳಂದ್ರು? ಕೈಲೆ ಬರಿ.”

“ಬಾಯಿ ಮುಚ್ಚಿದ್ರ ನನ್ನ ಕೈ ಎಲ್ಲಿ ಓಡ್ತದ?”

ಮಗಳಿಗೆ ಸಿಟ್ಟು ಬಂತು. “ಗಿರಾಕಿ ಬಾಗಿಲದಾಗ ಕುಂತಾರ. ನಾ ಸೀಡಿ ಇಳಿಸ್ಲೊ, ಹೆಸರು ಬರೀಲೊ? ತಾ ಇಲ್ಲಿ ಮಾರ್ಕರ್. ನಾಳಿಂದ ನೀ ಮನ್ಯಾಗೇ ಇರು.”

ನಾನು ಕೊಡಲಿಲ್ಲ. ಮುಷ್ಟಿ ಬಿಗಿ ಮಾಡಿ ಹಿಡಿದೆ. ಅಜ್ಜಿಗೆ ನಗು ತಡೆಯಲಿಲ್ಲ.

“ತಂಗಿ, ಒಡಪು ಹಾಕಿ ಹೇಳು. ಯಾರೇನು ಅಂತಾರ?”

“ಈ ವಯಸ್ಸಿನ್ಯಾಗೇನು, ಆಯಿ?”

“ಯಾಕ, ಗಂಡ ಬ್ಯಾರೆ ಆಗ್ಯಾನೇನು?”

ಎದ್ದು ನಿಂತು ತಲೆ ಮೇಲೆ ಸೆರಗು ಹೊದ್ದೆ. “ಬೆಳ್ಳಿ ತಾಟಿನಂಗ ಹೊಳಿತದ ಸೀಡಿ, ನಮ್ಮವರ ಹೆಸರು ಹೇಳ್ತೇನಿ, ಎಲ್ಲಾರೂ ನೋಡಿ!” ಎಂದು ಹೆಸರು ಹೇಳಿದೆ, ಹೇಳುತ್ತಲೇ ಬರೆದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

“ಇದು ಒಂದು ಸೀಡಿಗಾತು,” ಎಂದಳು ಅಜ್ಜಿ. “ಇನ್ನೊಂದಕ್ಕ ಇನ್ನೊಂದು ಹಾಕು.”

ಬಿಡಲಿಲ್ಲ ಮುದುಕಿ. ಪ್ರತಿ ಸೀಡಿಗೂ ಹೊಸ ಒಡಪು ಕಟ್ಟಿಸಿದಳು. ಎದುರಿನ ಬಳೆ ಅಂಗಡಿಗೆ ಬಂದ ಹೆಂಗಸರು ಬಳೆ ಬಿಟ್ಟು ಇಲ್ಲಿ ಬಂದು ನಿಂತರು. ನನ್ನ ಒಡಪಿನಲ್ಲಿ ಹೈದರಾಬಾದಿನ ಬಸ್ಸು ಬಂತು, ರೊಟ್ಟಿ-ಪುಂಡಿಪಲ್ಲೆ ಬಂತು, ಯಜಮಾನರ ಗೊರಕೆಯೂ ಬಂತು. ಕೊನೆಯದಕ್ಕೆ ಪ್ರಾಸ ಸಿಗದೆ ತಡವರಿಸಿದಾಗ ಅಜ್ಜಿಯೇ ಸಾಲು ಪೂರ್ತಿ ಮಾಡಿ, ಆ ಭರದಲ್ಲಿ ತನ್ನ ಗಂಡನ ಹೆಸರನ್ನೂ ಹೇಳಿಬಿಟ್ಟಳು. ಮಗಳು ನಕ್ಕು ನಕ್ಕು ಕಂಪ್ಯೂಟರಿನ ಮುಂದೆ ತಲೆ ಬಗ್ಗಿಸಿ ಕೂತಳು.

ಸೀಡಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಅಜ್ಜಿ ನನ್ನ ಮಗಳಿಗೆ ಅಂದಳು, “ಸಣ್ಣ ಮೊಮ್ಮಗನ ಲಗ್ನದ್ದೂ ನಿಮ್ಮಲ್ಲೇ ಮಾಡಿಸ್ತೇವಿ. ಬರಿಯೋದು ಮಾತ್ರ ನಿಮ್ಮವ್ವನ ಕೈಲೇ ಆಗಬೇಕು, ನೋಡು.”

ಮಗಳು ನನ್ನ ಮುಷ್ಟಿಯ ಕಡೆ ನೋಡಿದಳು. ಮಾರ್ಕರ್ ಇನ್ನೂ ಅದರಲ್ಲೇ ಇತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು ಮುಚ್ಚಿಟ್ಟು, ಮಗಳಿಗಿಂತ ಮೊದಲೇ ಹೋಗಿ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಕೂತೆ.