ಆರಿದ ವಾಲ್ವು, ಆರದ ಕರೆಂಟು

ಕೌಜಲಗಿಯ ಯಮನವ್ವ ಗೋಕಾಕಕ್ಕೆ ಸೊಸೆಯಾಗಿ ಬಂದಾಗ ಯಾವುದಕ್ಕೂ ಅಂಜುವ ಹೆಣ್ಣಾಗಿರಲಿಲ್ಲ. ತವರಿನ ಹೊಲದಲ್ಲಿ ಜೋಳ ಕಾಯುತ್ತ ಒಬ್ಬಳೇ ಮಲಗಿ ಎದ್ದವಳು. ಹಾವು ಕಂಡರೆ ಕೋಲು ಹುಡುಕುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ. ಅಂಥವಳಿಗೆ ಹೆದರಿಕೆ ಅಂಟಿದ್ದು ಗಂಡನ ಮನೆಯ ಪಡಸಾಲೆಯಲ್ಲಿ, ಮೇಜಿನ ಮೇಲೆ ಕುಳಿತ ಒಂದು ಯಂತ್ರದಿಂದ.

ಗಂಡ ಗುರುಲಿಂಗಪ್ಪ ಬಜಾರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ. ಅರವತ್ತರ ಆಚೀಚೆಯ ವರ್ಷಗಳವು. ಹುಕ್ಕೇರಿ, ಮೂಡಲಗಿ ಕಡೆಯಿಂದ ಕೆಟ್ಟ ರೇಡಿಯೊಗಳು ಅವನಲ್ಲಿಗೆ ಬರುತ್ತಿದ್ದವು. ಇನ್ನು ಉಪಯೋಗವಿಲ್ಲ ಎಂದು ಜನ ಬಿಟ್ಟುಹೋದವುಗಳಿಂದ ಗಾಜಿನ ವಾಲ್ವುಗಳನ್ನು ಕಿತ್ತು, ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಅವುಗಳಿಂದ ಒಂದು ಹೈ-ಫೈ ಆಂಪ್ಲಿಫಾಯರ್ ಕಟ್ಟಬೇಕೆಂಬ ಹುಚ್ಚು ಅವನಿಗೆ.

"ರೇಡಿಯೊದಾಗ ಹಾಡವ ಡಬ್ಬಿಯೊಳಗ ಕುಂತಿರತಾನ. ನಾ ಅವನ್ನ ಹೊರಗ ತಂದ ನಮ್ಮ ಪಡಸಾಲ್ಯಾಗ ಕುಂಡ್ರಸ್ತೇನಿ," ಎನ್ನುತ್ತಿದ್ದ.

"ಕುಂಡ್ರಸಪಾ. ಅವಗೂ ಒಂದ ರೊಟ್ಟಿ ಬಡಿಯಾಕ ಹೇಳ ನಿನ್ನ ಹೇಂತಿಗಿ," ಎಂದು ಅವನ ತಾಯಿ ಶಿವವ್ವ ನಗುತ್ತಿದ್ದಳು.

ಯಂತ್ರ ಕಟ್ಟಿದ ಮೇಲೆ ಅದು ಹಾಡಿದ್ದೂ ಖರೆ. ಗೆಳೆಯ ಮಾಲಿಂಗಪ್ಪ ತನ್ನ ರೆಕಾರ್ಡ್ ಪ್ಲೇಯರ್ ತಂದು ಜೋಡಿಸಿದ. ಹಾಡುವವಳು ಸಾಲು ಎತ್ತುವ ಮೊದಲು ಉಸಿರು ಎಳೆದುಕೊಂಡದ್ದೂ ಯಮನವ್ವನ ಕಿವಿಗೆ ಬಿತ್ತು. ಹೆಂಗಸೊಬ್ಬಳು ಬಾಗಿಲ ಮರೆಯಲ್ಲೇ ನಿಂತಿದ್ದಾಳೇನೋ ಎಂದು ತಿರುಗಿ ನೋಡಿದಳು.

ಆದರೆ ಅದೇ ವಾರ ಯಂತ್ರ ತಟ್ಟನೆ ಆರಿತು. ಗುರುಲಿಂಗಪ್ಪ ಬಗ್ಗಿ ಕೈಯಿಟ್ಟನೋ ಇಲ್ಲವೋ, ಯಾರೋ ಎದೆಗೆ ಒದ್ದಂತೆ ಹಿಂದಕ್ಕೆ ಬಿದ್ದ. ಯಮನವ್ವ ಓಡಿಬಂದಳು. ಅವನ ಬೆರಳ ತುದಿ ಸುಟ್ಟಿತ್ತು.

"ವಾಲ್ವ ಎಲ್ಲಾ ಆರಿದ್ದೂವಲ್ರಿ? ಮತ್ತ ಹೆಂಗ ಹೊಡೀತು?"

ಅವನು ಏದುಸಿರಿನಲ್ಲೇ ನಕ್ಕ. "ಕಣದಾಗ ಹಂತಿಗಿ ಎತ್ತ ಸಾಲಾಗಿ ಕಟ್ಟೂದಿಲ್ಲೇನ? ಒಂದ ಎತ್ತ ಬಿದ್ದರ ಎಲ್ಲಾ ನಿಂದರತಾವ. ಈ ವಾಲ್ವುಗೋಳದೂ ಹಂಗ, ಒಂದರ ಬಾಲಕ್ಕ ಒಂದ ಕಟ್ಟೇನಿ. ಒಂದ ಸತ್ತರ ಎಲ್ಲಾ ಆರತಾವ. ಆದ್ರ ಹಗ್ಗದಾಗಿನ ಕರೆಂಟ ಎಲ್ಲಿ ಹೋಗತೈತಿ? ಅಲ್ಲೇ ಇರತೈತಿ. ನಡುವ ಟ್ರಾನ್ಸ್‌ಫಾರ್ಮರ್ ಇಲ್ಲ, ಗ್ವಾಡ್ಯಾಗಿನ ವಾಯರ್ ಸೀದಾ ಕೆಳಗಿನ ತಗಡಿನ ಪತ್ರಾಕ್ಕ ಬಂದೈತಿ. ಗ್ವಾಡಿಗಿ ಚುಚ್ಚೂ ಪಿನ್ನು ತಿರುವಿ ಹಾಕಿದ್ರ ಇಡೀ ಪತ್ರಾನ ಕರೆಂಟು. ಅದಕ್ಕ ಪಿನ್ನಿಗಿ ಕೆಂಪ ಬಣ್ಣ ಹಚ್ಚೇನಿ. ಬಣ್ಣ ಮ್ಯಾಲ ಬರಬೇಕು. ಇವತ್ತ ನಾನಽ ಮರತೆ."

"ನೀವಽ ಮರತರ, ಉಳದಾವ್ರ ಹ್ಯಾಂಗ್ರಿ?"



ಅಂದಿನಿಂದ ಆಕೆಯ ನಿದ್ದೆ, ಊಟ ಎಲ್ಲಕ್ಕೂ ಆ ಯಂತ್ರದ ನೆರಳು ಬಿತ್ತು. ಪಡಸಾಲೆ ಸಾರಿಸುವಾಗ ಮೇಜಿನ ಸುತ್ತ ಒಂದು ಮೊಳ ಜಾಗ ಬಿಡುತ್ತಿದ್ದಳು. ಅತ್ತೆ ಆ ಕಡೆ ಹೆಜ್ಜೆಯಿಟ್ಟರೆ ಸಾಕು, "ಅತ್ತೀ, ಮುಟ್ಟಬ್ಯಾಡ್ರಿ!" ಎಂಬ ಕೂಗು. ಬೆಕ್ಕು ಜಿಗಿದರೂ ಕೂಗು. ಓಣಿಯವರು ನಕ್ಕರು. ಮಾಲಿಂಗಪ್ಪನಂತೂ ಹೊಸ್ತಿಲು ದಾಟುವಾಗಲೇ, "ವೈನೀ, ಒಳಗ ಬರ್ಲ್ಯಾ, ಅಥವಾ ನನಗೂ ಕರೆಂಟ ಹೊಡೀತೈತ್ಯಾ?" ಎಂದು ಕೇಳುತ್ತಿದ್ದ. ಶಿವವ್ವನಿಗೆ ಸೊಸೆಯ ಕೂಗು ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆಯಷ್ಟು ರೂಢಿಯಾಗಿಬಿಟ್ಟಿತ್ತು. ಕೇಳಿಸಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಮಹಾನವಮಿಯ ಖಂಡೆ ಪೂಜೆ ಬಂತು. ಆ ದಿನ ಮನೆಯ ಕುಡುಗೋಲಿನಿಂದ ಹಿಡಿದು ಅನ್ನ ಕೊಡುವ ಯಾವ ಸಾಮಾನಿಗೂ ವಿಭೂತಿ ಹಚ್ಚದೆ ಬಿಡುವ ಹಾಗಿಲ್ಲ. ಹಚ್ಚುವುದು ಮನೆಯ ಹಿರಿಯಳು. ಶಿವವ್ವ ಜಳಕ ಮಾಡಿ, ನೀರಿಳಿಯುವ ಕೂದಲಿನಲ್ಲೇ ವಿಭೂತಿ ನೆನೆಸಿ ತಟ್ಟೆ ಹಿಡಿದಳು. ಪಡಸಾಲೆಯ ನೆಲ ಸಾರಿಸಿದ ಹಸಿ ಆರಿರಲಿಲ್ಲ. ಗುರುಲಿಂಗಪ್ಪ ಹಿತ್ತಲ ಬಚ್ಚಲಲ್ಲಿದ್ದ. ಹಬ್ಬದ ಹೊತ್ತು ಮನೆ ಸುಮ್ಮನಿರಬಾರದೆಂದು ಮಾಲಿಂಗಪ್ಪ ತಾನೇ ಪಿನ್ನು ಚುಚ್ಚಿ ರೆಕಾರ್ಡ್ ಹಚ್ಚಿದ್ದ. ಯಮನವ್ವ ಅಡಿಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು.

ಹಾಡು ನಡುವೆಯೇ ನಿಂತಿತು.

"ಹೋತ ನೋಡ್ರಿ ಕರೆಂಟು," ಎಂದ ಮಾಲಿಂಗಪ್ಪ. ಎಲೆ-ಅಡಿಕೆ ಉಗುಳಲು ಕಟ್ಟೆಗೆ ಹೋದ.

"ಛಲೋನ ಆತು. ಈಗರ ಇದಕ್ಕೂ ಈಬತ್ತಿ ಹಚ್ಚತೇನಿ," ಎಂದಳು ಶಿವವ್ವ.

ಯಮನವ್ವ ತಲೆಯೆತ್ತಿದಳು. ಒಲೆಯ ಮೇಲಿನ ಹೊಗೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು.

"ಅತ್ತೀ! ಕರೆಂಟ ಹೋಗಿಲ್ರೀ! ಮುಟ್ಟಬ್ಯಾಡ್ರಿ!"

"ಸುರುವಾತ ಈಕೀದು. ಆರಿ ತಣ್ಣಗ ಕುಂತತಿ, ಏನ ಹುಲಿ ಐತೇನ ಇದು?"

ಯಮನವ್ವ ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆಯ ಮೂರು ಹಸಿ ಬೆರಳು ಪತ್ರಾಕ್ಕೆ ಗೇಣಷ್ಟೂ ದೂರವಿರಲಿಲ್ಲ. ಮತ್ತೆ ಕೂಗಿ ಪ್ರಯೋಜನವಿಲ್ಲವೆಂದು ಆಕೆಗೆ ಗೊತ್ತಿತ್ತು. ಹಿಡಿದು ಎಳೆದರೆ, ಬೆರಳು ತಾಗಿಬಿಟ್ಟರೆ ಇಬ್ಬರೂ ಹೋಗುವುದೇ. ಮುಂದೆ ನುಗ್ಗಿ, ಕೈಯಲ್ಲಿದ್ದ ಮರದ ಲಟ್ಟಣಿಗೆಯನ್ನು ಎತ್ತಿ ಅತ್ತೆಯ ಮುಂಗೈ ಮೇಲೆ ಬಾರಿಸಿದಳು.

ತಟ್ಟೆ ಹಾರಿ ಬಿತ್ತು. ಶಿವವ್ವ ಕುಸಿದು ಕೂತು ಓಣಿಗೆ ಕೇಳುವಂತೆ ಅತ್ತಳು. "ಯಪ್ಪೋ! ಹಬ್ಬದ ದಿನಾ ಸೊಸಿ ನನ್ನ ಕೈ ಮುರದ್ಲೋ!"

ಮಾಲಿಂಗಪ್ಪ ಓಡಿಬಂದ. "ವೈನೀ, ಲಟ್ಟಣಗಿ ಇರೂದು ಹೋಳಗೀಗಿ, ಅತ್ತೀಗಲ್ಲ!" ಎಂದ. ಆಕೆಯ ಮುಖ ನೋಡಿ ಅವನ ನಗೆ ಬಾಯಲ್ಲೇ ಉಳಿಯಿತು.

ಗುರುಲಿಂಗಪ್ಪ ಒದ್ದೆ ಧೋತರದಲ್ಲೇ ಬಂದ. ತಾಯಿಯನ್ನು ಎಬ್ಬಿಸಲು ಮೇಜಿಗೆ ಕೈಯೂರಲು ಹೋದ. ಯಮನವ್ವ ಅಡ್ಡ ನಿಂತಳು. ಲಟ್ಟಣಿಗೆ ಇನ್ನೂ ಕೆಳಗಿಳಿದಿರಲಿಲ್ಲ.

"ನೀವೂ ಮುಟ್ಟಬ್ಯಾಡ್ರಿ. ಮೊದಲ ಅಡಿಗಿಮನಿ ದೀಪಾ ನೋಡ್ರಿ."

ಅವನು ನೋಡಿದ. ಕೈ ಒರೆಸಿಕೊಂಡು, ಮರದ ಮಣೆಯ ಮೇಲೆ ನಿಂತು, ಟೆಸ್ಟರ್ ತುದಿಯನ್ನು ಪತ್ರಾಕ್ಕೆ ತಾಗಿಸಿದ. ಅದರ ಹಿಡಿಕೆಯೊಳಗೆ ಕೆಂಪು ಬೆಳಕು ಹತ್ತಿತು.

"ಪಿನ್ನು ಯಾರ ಹಾಕಿದ್ರು?"

"ನಾನಽ," ಎಂದ ಮಾಲಿಂಗಪ್ಪ. "ಬಣ್ಣ ಮ್ಯಾಲೋ ಕೆಳಗೋ... ನೋಡಲಿಲ್ಲಪಾ."

ಗುರುಲಿಂಗಪ್ಪ ಪಿನ್ನು ಕಿತ್ತ. ಆಮೇಲೆ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟ. ಸುಟ್ಟ ಬೆರಳಿಗೆ ನಕ್ಕಿದ್ದ ಮನುಷ್ಯ, ತಾಯಿಯ ಹಸಿ ಬೆರಳುಗಳನ್ನು ನೋಡುತ್ತ ಕೂತ.

ಶಿವವ್ವನ ಅಳು ನಿಂತಿತ್ತು. ಬಾತ ಮುಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರ ಮುಖ ನೋಡಿದಳು. "ಆದ್ರ ಆಕಿ ನನಗ ಹೊಡದದ್ದ ಖರೆ. ಅದನ್ನ ಯಾರೂ ಇಲ್ಲ ಅನಬ್ಯಾಡ್ರಿ," ಎಂದಳು.

ಅದೇ ಸಂಜೆ ಗುರುಲಿಂಗಪ್ಪ ಯಂತ್ರವನ್ನು ಒಡೆದು ಹಾಕಲು ಎದ್ದ. ಬೇಡವೆಂದವಳು ಯಮನವ್ವನೇ. ಹಾಡುವವಳ ಆ ಉಸಿರಿನ ಸದ್ದು ಆಕೆಗೂ ಬೇಕಾಗಿತ್ತು. ಗುರುಲಿಂಗಪ್ಪ ಊರಿನ ಮರದ ಆಟಿಕೆ ಕೆತ್ತುವವರಿಂದ ಸುತ್ತ ಮುಚ್ಚುವ ಮರದ ಪೆಟ್ಟಿಗೆ ಮಾಡಿಸಿದ, ತಿರುವುವ ಗುಂಡಿಗಳೂ ಮರದವೇ. ಬೆರಳು ತಾಗುವಲ್ಲಿ ಒಂದು ಮೊಳೆಯೂ ಹೊರಗೆ ಕಾಣುತ್ತಿರಲಿಲ್ಲ. ಆದರೂ ಆಕೆ ಹಾಡಿನ ಹೊತ್ತಿನಲ್ಲಿ ಕಾಲು ಚಾಚಿ ಕೂತದ್ದನ್ನು ಯಾರೂ ಕಾಣಲಿಲ್ಲ. ಹಾಡುವವಳು ಉಸಿರಿಗೆ ನಿಂತಾಗಲೆಲ್ಲ ಈಕೆಯ ಉಸಿರೂ ನಿಲ್ಲುತ್ತಿತ್ತು. ಈ ಮೌನ ಹಾಡಿನದೋ, ವಾಲ್ವಿನದೋ?

ಕೆಲವು ಸಲ ವಾಲ್ವಿನದೇ ಆಗಿರುತ್ತಿತ್ತು. ಆಗ ಶಿವವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡು, ಕೂತಲ್ಲಿಂದ ಅಲುಗದೆ, ಒಳಗಿನ ಕಡೆ ಮುಖ ಮಾಡಿ ಕರೆಯುತ್ತಿದ್ದಳು.

"ಯಮನವ್ವಾ, ಲಗೂನ ಬಾ. ನೀ ಬಂದ ಪಿನ್ನ ಕೀಳೂತನಕ ನಾ ಏಳೂದಿಲ್ಲ."